ಕತ್ತರಿಯೂ ಅಂಟೂ

ಇಡಿಯಾಗಿರುವ ವಸ್ತುವೊಂದನ್ನು ಕತ್ತರಿಸಿ, ಅದರ ತುಂಡುಗಳಿಂದ ಮತ್ತೊಂದನ್ನು ಜೋಡಿಸುವುದು ಯಾವ ಅಧಿಕಾರದಿಂದ? ಈ ಪ್ರಶ್ನೆಯು ಮೇಲ್ನೋಟಕ್ಕೆ ಮಕ್ಕಳಾಟಿಕೆಯದೆಂದು ತೋರಬಹುದು. ಹಳೆಯ ಲಗ್ನಪತ್ರಿಕೆ, ಕಳೆದ ವರ್ಷದ ಕ್ಯಾಲೆಂಡರಿನ ಚಿತ್ರ, ಬೆಂಕಿಪೆಟ್ಟಿಗೆಯ ಚೀಟಿ, ಅಂಚೆಯ ಲಕೋಟೆ, ಒಡೆದ ಬಳೆಯ ಚೂರು, ರವಿಕೆ ಹೊಲಿದು ಉಳಿದ ಬಟ್ಟೆಯ ಮೂಲೆ, ಒಣಗಿದ ಅರಳಿಯೆಲೆ, ಇಂಥವುಗಳನ್ನು ರಟ್ಟಿನ ಮೇಲೆ ಅಂಟಿಸಿ ಚಿತ್ರವನ್ನಾಗಿ ಮಾಡುವ ಕೆಲಸವು ಅನೇಕ ಮನೆಗಳಲ್ಲಿ ನಡೆಯುತ್ತದೆ. ಪಶ್ಚಿಮದವರು ಇದಕ್ಕೆ ಕೊಲಾಜ್ ಎಂದು ಹೆಸರಿಟ್ಟಿರುವರು. ಫ್ರೆಂಚ್ ಭಾಷೆಯಲ್ಲಿ ಅಂಟಿಸುವಿಕೆ ಎಂದಷ್ಟೇ ಅದರ ಅರ್ಥ. ಕನ್ನಡದಲ್ಲಿ ಅಂಟುಚಿತ್ರವೆಂದರೆ ಸಾಕು. ಆದರೆ ಹೆಸರಿನಲ್ಲಿ ಅಂಟು ಮಾತ್ರ ಕಾಣುತ್ತದೆ. ಕತ್ತರಿಯು ಮರೆಯಾಗಿಯೇ ಉಳಿಯುತ್ತದೆ. ಧರ್ಮದ ವಿಚಾರವೆಲ್ಲ ಹುಟ್ಟುವುದು ಆ ಕತ್ತರಿಯಿಂದ.

ಮಗುವು ಕತ್ತರಿಯನ್ನು ಕೈಗೆ ತೆಗೆದುಕೊಂಡ ಕೂಡಲೆ ಮನೆಯ ಹಿರಿಯರಲ್ಲಿ ಒಬ್ಬರು, ಅನ್ಯರು ಬರೆದ ಚಿತ್ರವನ್ನು ಕತ್ತರಿಸಿ ಅಂಟಿಸಿದ ಮಾತ್ರಕ್ಕೆ ಅದು ನಿನ್ನದು ಹೇಗಾದೀತೆಂದು ಕೇಳುತ್ತಾರೆ. ಇನ್ನೊಬ್ಬರು, ಚೆನ್ನಾಗಿರುವ ವಸ್ತುವನ್ನು ಏಕೆ ಹಾಳುಮಾಡುವೆ ಎನ್ನುತ್ತಾರೆ. ಮೊದಲನೆಯದು ಕಳವಿನ ಆಕ್ಷೇಪ, ಎರಡನೆಯದು ಹಿಂಸೆಯ ಆಕ್ಷೇಪ. ಇವೆರಡನ್ನೂ ಒಂದೇ ಎಂದು ತಿಳಿಯುವುದು ವಾಡಿಕೆಯಾಗಿದ್ದರೂ ಅವು ಬೇರೆಬೇರೆ. ಮತ್ತು ವಿಚಾರ ಮಾಡಿ ನೋಡಿದರೆ ಎರಡನೆಯದೇ ಹೆಚ್ಚು ಭಾರವಾದುದು.

ಕಳವಿನ ವಿಷಯವನ್ನು ನಮ್ಮ ಆಲಂಕಾರಿಕರು ಸಾವಿರ ವರ್ಷಗಳಿಗೂ ಹಿಂದೆಯೇ ಚರ್ಚಿಸಿದ್ದಾರೆ. ಒಂಬತ್ತನೆಯ ಶತಮಾನದ ಕಾಶ್ಮೀರದ ಆನಂದವರ್ಧನನು ಧ್ವನ್ಯಾಲೋಕದ ಕೊನೆಯ ಉದ್ದ್ಯೋತದಲ್ಲಿ, ಒಬ್ಬ ಕವಿಯ ಕೃತಿಯು ಮತ್ತೊಬ್ಬನದನ್ನು ಹೋಲುವ ಬಗೆಗಳನ್ನು ಮೂರಾಗಿ ವಿಂಗಡಿಸಿದನು: ಕನ್ನಡಿಯಲ್ಲಿಯ ಪ್ರತಿಬಿಂಬದಂಥದು, ಬರೆದ ಚಿತ್ರದಂಥದು, ಒಬ್ಬರನ್ನೊಬ್ಬರು ಹೋಲುವ ಇಬ್ಬರು ದೇಹಧಾರಿಗಳಂಥದು. ಮೊದಲಿನೆರಡನ್ನು ಬಿಡಬೇಕು, ಮೂರನೆಯದನ್ನು ಬಿಡಬೇಕಾಗಿಲ್ಲ ಎಂಬುದು ಅವನ ನಿರ್ಣಯ; ಏಕೆಂದರೆ ಮೂರನೆಯದಕ್ಕೆ ತನ್ನದೇ ಆದ ಜೀವವಿರುತ್ತದೆ. ಅವನ ತರುವಾಯ ಬಂದ ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ಕವಿಗಳ ಹರಣಕ್ಕೆಂದೇ ಕೆಲವು ಅಧ್ಯಾಯಗಳನ್ನು ಮೀಸಲಿಟ್ಟು ಈ ವಿಂಗಡಣೆಯನ್ನು ಇನ್ನೂ ವಿಸ್ತರಿಸಿದನು. ಅಂಟುಚಿತ್ರವನ್ನು ಈ ಅಳತೆಗೆ ಹಿಡಿದರೆ ಒಂದು ವಿಚಿತ್ರವು ಕಾಣುತ್ತದೆ. ಅದು ಪ್ರತಿಬಿಂಬವಲ್ಲ, ಪ್ರತಿಕೃತಿಯಲ್ಲ, ಸಾಮ್ಯವೂ ಅಲ್ಲ. ಅದು ಮೂಲದ ಅಂಗವನ್ನೇ ಕೊಯ್ದು ತೆಗೆದುಕೊಳ್ಳುತ್ತದೆ. ಕವಿಯೊಬ್ಬನು ಇನ್ನೊಬ್ಬನ ಭಾವವನ್ನು ಎತ್ತಿಕೊಂಡರೆ ಮೊದಲಿನವನ ಪದ್ಯಕ್ಕೆ ಒಂದಕ್ಷರದ ನಷ್ಟವೂ ಇಲ್ಲ. ಅದು ತನ್ನ ಓಲೆಯಲ್ಲಿ ಇದ್ದಂತೆಯೇ ಇರುತ್ತದೆ. ಕತ್ತರಿಸಿದ ಚಿತ್ರವಾದರೋ ಹೋಯಿತು. ಆದುದರಿಂದ ಇಲ್ಲಿ ಯಾರದೆಂಬ ಪ್ರಶ್ನೆಗಿಂತ, ಹೋದದ್ದೇನು, ಬಂದದ್ದೇನು ಎಂಬ ಪ್ರಶ್ನೆಯು ದೊಡ್ಡದು.

ಬಂದದ್ದು ಏನಾದರೂ ಉಂಟೆ? ತುಂಡುಗಳು ಪಕ್ಕಪಕ್ಕದಲ್ಲಿ ಕುಳಿತವು ಎಂಬುದಕ್ಕಿಂತ ಹೆಚ್ಚಾಗಿ ಹೊಸತೊಂದು ಹುಟ್ಟಿತೆಂದು ಹೇಳಲು ಆಧಾರವೇನು? ಇದು ನೈಯಾಯಿಕರಿಗೂ ಬೌದ್ಧರಿಗೂ ಶತಮಾನಗಳ ಕಾಲ ನಡೆದ ವಾದ. ನೂಲುಗಳು ಸೇರಿ ವಸ್ತ್ರವಾದಾಗ ನೂಲುಗಳಿಗಿಂತ ಬೇರೆಯಾದ, ಅವುಗಳಲ್ಲಿ ಸಮವಾಯದಿಂದ ನೆಲಸಿದ ಅವಯವಿಯೆಂಬ ಹೊಸ ದ್ರವ್ಯವು ಹುಟ್ಟುತ್ತದೆಂದು ನ್ಯಾಯ-ವೈಶೇಷಿಕರ ಮತ. ಅವಯವಗಳ ರಾಶಿಗೆ ಜನರು ವ್ಯವಹಾರಕ್ಕಾಗಿ ಒಂದು ಹೆಸರನ್ನು ಕೊಟ್ಟಿರುವರೇ ಹೊರತು ಅಲ್ಲಿ ಬೇರೆ ಪದಾರ್ಥವೇನೂ ಇಲ್ಲವೆಂದು ಬೌದ್ಧರು. ಮಿಲಿಂದರಾಜನಿಗೆ ನಾಗಸೇನ ಭಿಕ್ಷುವು ರಥದ ದೃಷ್ಟಾಂತದಿಂದ ತೋರಿಸಿದ್ದು ಇದನ್ನೇ. ಬಟ್ಟೆಯ ಚೂರುಗಳಿಂದ ಹೊಲಿದ ಕೌದಿಯನ್ನು ಈ ವಾದದ ನಡುವೆ ಹಾಸಿದರೆ ಇಬ್ಬರೂ ಸ್ವಲ್ಪ ತಬ್ಬಿಬ್ಬಾಗಬಹುದು. ಹೊಲಿಗೆಯ ದಾರವನ್ನು ಎಳೆದರೆ ಚೂರುಗಳು ಉಳಿದು ಕೌದಿಯು ಇಲ್ಲವಾಗುತ್ತದೆ. ಆದಕಾರಣ ಕೌದಿಯೆಂಬುದು ಚೂರುಗಳಿಗಿಂತ ಹೆಚ್ಚಿನದೆಂದು ನೈಯಾಯಿಕನು ಹೇಳುವುದು ಸರಿ. ಆದರೆ ವಸ್ತ್ರದಲ್ಲಿ ನೂಲು ತನ್ನ ಗುರುತನ್ನು ಕಳೆದುಕೊಳ್ಳುವಂತೆ ಕೌದಿಯಲ್ಲಿ ಚೂರು ಕಳೆದುಕೊಳ್ಳುವುದಿಲ್ಲ. ಅದನ್ನು ಹೊದೆದ ಮಗುವು ಬೆರಳಿಟ್ಟು, ಇದು ಅಜ್ಜಿಯ ಸೀರೆಯದು, ಇದು ಚಿಕ್ಕಪ್ಪನ ಅಂಗಿಯದು ಎಂದು ಹೇಳಬಲ್ಲುದು. ಅವಯವಿಯೊಳಗೆ ಸೇರಿದ ಮೇಲೆಯೂ ಅವಯವಕ್ಕೆ ತನ್ನ ಹಳೆಯ ಹೆಸರು ಉಳಿದಿರುವುದು ಈ ಜಾತಿಯ ಕೆಲಸಗಳ ವಿಶೇಷ. ಹೆಸರು ಉಳಿದಿದ್ದರೆ ಋಣವೂ ಉಳಿದಿರುತ್ತದೆ. ಗಡಿಗೆಯು ಮಣ್ಣಿಗೆ ಋಣಿಯೆಂದು ಯಾರೂ ಲೆಕ್ಕವಿಡುವುದಿಲ್ಲ; ಅಂಟುಚಿತ್ರಕ್ಕೆ ಆ ಸೌಲಭ್ಯವಿಲ್ಲ.

ಕತ್ತರಿಯನ್ನು ನಿರ್ದೋಷವಾಗಿ ಹಿಡಿದವರೂ ಉಂಟು. ಕಲೆಯ ಇತಿಹಾಸವನ್ನು ಬರೆದವರಲ್ಲಿ ಹಲವರು ಅಂಟುಚಿತ್ರವು 1912ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿತೆನ್ನುತ್ತಾರೆ. ಆ ವರ್ಷ ಪಿಕಾಸೊ ಎಂಬವನು ಬೆತ್ತದ ಹೆಣಿಗೆಯನ್ನು ಮುದ್ರಿಸಿದ್ದ ಮೇಣಬಟ್ಟೆಯ ತುಂಡನ್ನು ಚಿತ್ರಪಟಕ್ಕೆ ಅಂಟಿಸಿ ಸುತ್ತಲೂ ಹಗ್ಗವನ್ನು ಚೌಕಟ್ಟಾಗಿ ಸುತ್ತಿದನು. ಅವನ ಗೆಳೆಯನಾದ ಬ್ರಾಕ್ ಎಂಬವನು ಮರದ ಗೆರೆಗಳನ್ನು ಅಚ್ಚುಹಾಕಿದ್ದ ಗೋಡೆಕಾಗದವನ್ನು ಅಂಗಡಿಯಿಂದ ಕೊಂಡುತಂದು ಕತ್ತರಿಸಿ ಅಂಟಿಸಿದನು. ಆದರೆ ಇದಕ್ಕೆ 140 ವರ್ಷಗಳ ಮುಂಚೆಯೇ ಇಂಗ್ಲೆಂಡಿನಲ್ಲಿ ಒಬ್ಬ ಮುದುಕಿಯು, ಕಲಾವಿದೆಯೆಂಬ ಹೆಸರನ್ನು ಬಯಸದೆ, ಈ ಕೆಲಸವನ್ನು ಪರಾಕಾಷ್ಠೆಗೆ ಒಯ್ದಿದ್ದಳು. ಗಂಡಸರು ಪ್ರದರ್ಶನಶಾಲೆಯಲ್ಲಿ ಮಾಡಿದಾಗ ಕಲೆಯೆಂದೂ, ಹೆಂಗಸರು ನಡುಮನೆಯಲ್ಲಿ ಮಾಡಿದಾಗ ಹೊತ್ತುಗಳೆಯುವಿಕೆಯೆಂದೂ ಎಣಿಸುವ ಅಭ್ಯಾಸವು ಯಾವುದೊಂದು ದೇಶಕ್ಕೂ ಸೀಮಿತವಾದುದಲ್ಲ.

ಆಕೆಯ ಹೆಸರು ಮೇರಿ ಡಿಲೇನಿ. 1700ರಲ್ಲಿ ಹುಟ್ಟಿದವಳು. ಹದಿಹರೆಯದಲ್ಲಿಯೇ, ತನಗಿಂತ ಬಹಳ ಹಿರಿಯನಾದವನೊಡನೆ ಇಷ್ಟವಿಲ್ಲದ ವಿವಾಹ. ಕೆಲವು ವರ್ಷಗಳಲ್ಲಿಯೇ ವೈಧವ್ಯ. ನಡುವಯಸ್ಸಿನಲ್ಲಿ ಐರ್ಲೆಂಡಿನ ಪಾದ್ರಿಯೊಬ್ಬನೊಡನೆ ಎರಡನೆಯ ಮದುವೆ, ಇದು ಸುಖದ ಮದುವೆ. 1768ರಲ್ಲಿ ಆತನೂ ತೀರಿಕೊಂಡನು. ಆ ದುಃಖವು ಇನ್ನೂ ಆರದಿರುವಾಗ, 1772ರಲ್ಲಿ, ತನ್ನ 72ನೆಯ ವಯಸ್ಸಿನಲ್ಲಿ, ಗೆಳತಿಯ ಮನೆಯಲ್ಲಿ ಕುಳಿತಿದ್ದ ಆಕೆಗೆ ಕೆಂಪು ಕಾಗದದ ಚೂರಿಗೂ ಜಿರೇನಿಯಂ ಹೂವಿನ ಎಸಳಿಗೂ ಇದ್ದ ಬಣ್ಣದ ಸಾಮ್ಯವು ಕಣ್ಣಿಗೆ ಬಿದ್ದಿತಂತೆ. ಕತ್ತರಿಯನ್ನು ತೆಗೆದುಕೊಂಡು ಎಸಳನ್ನು ಕತ್ತರಿಸಿದಳು. ಮುಂದಿನ ಹತ್ತು ವರ್ಷಗಳಲ್ಲಿ ಸಾವಿರಕ್ಕೆ ಸ್ವಲ್ಪವೇ ಕಡಮೆಯಾಗುವಷ್ಟು ಹೂಗಳನ್ನು ಕಾಗದದಲ್ಲಿ ಮಾಡಿದಳು. ಕಪ್ಪು ಬಣ್ಣ ಹಚ್ಚಿದ ಹಾಳೆಯ ಮೇಲೆ ಒಂದೊಂದು ಗಿಡ. ಒಂದೊಂದಕ್ಕೂ ಕೆಲವೊಮ್ಮೆ ನೂರಾರು ಚೂರುಗಳು. ಎಸಳಿನ ನೆರಳಿಗೆ ಒಂದು, ಬೆಳಕಿಗೆ ಒಂದು, ಕೇಸರದ ಒಂದೊಂದು ಎಳೆಗೂ ಒಂದೊಂದು. ಎದುರಿಗೆ ನಿಜವಾದ ಹೂವನ್ನು ಇಟ್ಟುಕೊಂಡು, ಲಿನೇಯಸನ ಪದ್ಧತಿಯಂತೆ ಶಾಸ್ತ್ರೀಯ ನಾಮವನ್ನೂ ಬರೆದಿಡುತ್ತಿದ್ದಳು. ಗೋಡೆಕಾಗದಕ್ಕೆ ಬಣ್ಣ ಹಾಕುವವರಲ್ಲಿ ಬಣ್ಣ ಹರಿದು ಕೆಟ್ಟುಹೋದ ಹಾಳೆಗಳೂ ಆಕೆಗೆ ಬೇಕಾಗುತ್ತಿದ್ದುವು. ವ್ಯಾಪಾರಕ್ಕೆ ಕೆಟ್ಟದ್ದು ಎಸಳಿಗೆ ಒಳ್ಳೆಯದಾಗುತ್ತಿತ್ತು. 1782ರಲ್ಲಿ ಕಣ್ಣು ಮಂಜಾಗಿ ಕೆಲಸವು ನಿಂತಿತು. ಆ ಹಾಳೆಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ.

ಈಕೆಯ ಕತ್ತರಿಯಿಂದ ಯಾರ ಚಿತ್ರಕ್ಕೂ ಹಾನಿಯಾಗಲಿಲ್ಲ. ಚೂರಿಗೆ ಮೊದಲೊಂದು ಹೆಸರೇ ಇರಲಿಲ್ಲ. ಬರಿಯ ಬಣ್ಣದ ಕಾಗದವದು. ಆದಕಾರಣ ಆಕೆಯ ಉದಾಹರಣೆಯು ಮನಸ್ಸಿಗೆ ತೃಪ್ತಿಯನ್ನು ಕೊಟ್ಟರೂ ಪ್ರಶ್ನೆಯನ್ನು ಬಿಡಿಸುವುದಿಲ್ಲ. ಜರ್ಮನಿಯ ಕುರ್ಟ್ ಶ್ವಿಟರ್ಸನ ಸಂಗತಿಯು ಅದಕ್ಕೆ ಒಂದು ಹೆಜ್ಜೆ ಹತ್ತಿರವಾದುದು. ಮೊದಲನೆಯ ಮಹಾಯುದ್ಧದಲ್ಲಿ ದೇಶವೇ ಚೂರುಚೂರಾದ ಮೇಲೆ, 1919ರ ಸುಮಾರಿಗೆ ಆತನು ಹ್ಯಾನೋವರ್ ನಗರದಲ್ಲಿ ಟ್ರಾಮಿನ ಟಿಕೆಟು, ಮಿಠಾಯಿಯ ಹೊದಿಕೆ, ಹರಿದ ಜಾಹೀರಾತು, ತಂತಿ, ಮರದ ಸಿಬಿರು, ಬೀದಿಯಲ್ಲಿ ಬಿದ್ದುದನ್ನೆಲ್ಲ ಆಯ್ದುತಂದು ಅಂಟಿಸತೊಡಗಿದನು. ತನ್ನ ಕೆಲಸಕ್ಕೆ ಆತನಿಟ್ಟ ಮೆರ್ಟ್ಸ್ ಎಂಬ ಹೆಸರು ಕೂಡ ಬ್ಯಾಂಕೊಂದರ ಜಾಹೀರಾತಿನಲ್ಲಿದ್ದ ಕೊಮೆರ್ಟ್ಸ್ ಎಂಬ ಮಾತಿನ ಅರ್ಧ ತುಂಡು. ನಾಜಿಗಳ ಕಾಲದಲ್ಲಿ, 1937ರಲ್ಲಿ, ಆತನು ನಾರ್ವೆಗೆ ಓಡಿದನು. 1940ರಲ್ಲಿ ಅಲ್ಲಿಂದ ಬ್ರಿಟನ್ನಿಗೆ. ಅಲ್ಲಿ ಶತ್ರುದೇಶದವನೆಂದು ಸೆರೆಯಲ್ಲಿಟ್ಟರು. ಮನೆಯೊಳಗೆ ವರ್ಷಗಟ್ಟಲೆ ಕಟ್ಟಿದ್ದ ಆತನ ದೊಡ್ಡ ರಚನೆಯು 1943ರ ಬಾಂಬಿನ ದಾಳಿಯಲ್ಲಿ ನೆಲಸಮವಾಯಿತು. 1948ರಲ್ಲಿ ಪರದೇಶದಲ್ಲಿಯೇ ಸತ್ತನು. ಆತನ ಹಾಳೆಗಳಲ್ಲಿ ಇಂದಿಗೂ ಟಿಕೆಟಿನ ಅಂಕಿಯನ್ನು ಓದಬಹುದು. ಯಾರೋ ಒಬ್ಬನು ಯಾವುದೋ ದಿನ ಆ ಟ್ರಾಮಿನಲ್ಲಿ ಹೋದನೆಂಬುದಕ್ಕೆ ಬೇರೆಲ್ಲಿಯೂ ಉಳಿಯದ ಸಾಕ್ಷಿಯು ಅಲ್ಲಿ ಉಳಿದಿದೆ. ಎಸೆದುದನ್ನು ಎತ್ತಿಕೊಳ್ಳುವವನ ಮೇಲೆ ಕಳವನ್ನಾಗಲಿ ಹಿಂಸೆಯನ್ನಾಗಲಿ ಹೊರಿಸುವುದು ಕಷ್ಟ.

ಎಸೆಯದೆ ಇಟ್ಟುಕೊಂಡ ವಸ್ತುವಿನ ಮಾತೇನು? ಇಲ್ಲಿಗೆ ಬಂದಾಗ ವಿಚಾರವು ಪ್ರತಿಯೊಂದು ಮನೆಯ ಪೆಟ್ಟಿಗೆಯೊಳಕ್ಕೂ ಇಳಿಯುತ್ತದೆ. ತಾಯಿಯು ತೀರಿಕೊಂಡಿರುವಳು; ಆಕೆಯ ಇಳಕಲ್ಲ ಸೀರೆಯು ಉಳಿದಿದೆ; ಹೆಣ್ಣುಮಕ್ಕಳು ಮೂವರು. ಒಬ್ಬಳು, ಅದನ್ನು ಮಡಿಸಿದಂತೆಯೇ ಇಡೋಣ, ಅಮ್ಮನ ಸೀರೆಗೆ ಕತ್ತರಿ ಹಾಕುವುದೆಂದರೆ ಏನು ಎನ್ನುತ್ತಾಳೆ. ಇನ್ನೊಬ್ಬಳು, ಮೂವರಿಗೂ ಮೂರು ಕೌದಿಗಳಲ್ಲಿ ಸೆರಗಿನ ಒಂದೊಂದು ತುಂಡು ಬರಲಿ ಎನ್ನುತ್ತಾಳೆ. ಮೂರನೆಯವಳು ಮಾತನಾಡುವುದಿಲ್ಲ. ಇದರಲ್ಲಿ ಯಾರ ಮಾತು ಧರ್ಮ? ಇಡಿಯಾಗಿ ಇಡುವವಳ ಪಕ್ಷದಲ್ಲಿ ಒಂದು ಬಲವಾದ ಸತ್ಯವಿದೆ. ಕತ್ತರಿಸದ ಸೀರೆಯನ್ನು ನಾಳೆಯೂ ಕತ್ತರಿಸಬಹುದು, ಕತ್ತರಿಸಿದ ಸೀರೆಯನ್ನು ಎಂದೆಂದಿಗೂ ಇಡಿಯಾಗಿಸಲಾರದು. ಹಿಂದಿರುಗಿಸಲಾಗದ ಕಾರ್ಯದಲ್ಲಿ ನಿಧಾನವು ನ್ಯಾಯವಾದುದೇ. ಆದರೆ ಪೆಟ್ಟಿಗೆಯೂ ಕಾಲವನ್ನು ತಡೆಯುವುದಿಲ್ಲ. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿಟ್ಟ ರೇಷ್ಮೆಯು ಮಡಿಕೆಯ ಗೆರೆಯಲ್ಲಿಯೇ ಸೀಳುತ್ತದೆ, ನುಸಿಯು ತನ್ನ ಪಾಲನ್ನು ಕೇಳದೆ ತೆಗೆದುಕೊಳ್ಳುತ್ತದೆ. ಮೊಮ್ಮಗಳ ಕಾಲಕ್ಕೆ ಅದು ಯಾರ ಸೀರೆಯೆಂಬುದೇ ಮರೆತುಹೋಗಿರುತ್ತದೆ. ತುಂಡಾಗಿ ಕೌದಿಯೊಳಗೆ ಬಂದ ಸೆರಗನ್ನಾದರೋ ದಿನದಿನವೂ ಯಾರಾದರೂ ಮುಟ್ಟುತ್ತಾರೆ, ಕೇಳುತ್ತಾರೆ, ಹೆಸರು ಹೇಳುತ್ತಾರೆ.

ಧಾರವಾಡ, ಬೆಳಗಾವಿ, ವಿಜಯಪುರದ ಕಡೆಯ ಮನೆಗಳಲ್ಲಿ ಕೌದಿಯು ಬಡತನದ ಗುರುತಾಗಿ ಮಾತ್ರ ಇರಲಿಲ್ಲ. ಬಾಣಂತಿಗೂ ಕೂಸಿಗೂ ಹಳೆಯ ಬಟ್ಟೆಯ ಮೆತುವೇ ಹಿತವೆಂಬ ತಿಳಿವಳಿಕೆಯೂ ಅದರಲ್ಲಿತ್ತು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡಗಳ ಸಿದ್ದಿ ಜನರ ಹೆಂಗಸರು ಹೊಲಿಯುವ ಕವಂದಿಯು ಇನ್ನೂ ವಿಶೇಷವಾದುದು. ಆಫ್ರಿಕಾದಿಂದ ಬಂದ, ಅವರಲ್ಲಿ ಅನೇಕರು ಗೋವೆಯ ದಾಸ್ಯದಿಂದ ತಪ್ಪಿಸಿಕೊಂಡು ಕಾಡನ್ನು ಸೇರಿದ ಪೂರ್ವಿಕರ ಮಕ್ಕಳು ಇವರು. ಕವಂದಿಯನ್ನು ಒಂದು ಮೂಲೆಯಿಂದ ಮೊದಲುಮಾಡಿ ಅಂಚಿನ ಸುತ್ತ ತುಂಡುಗಳನ್ನಿಡುತ್ತ, ಹೊಲಿಯುತ್ತ, ಒಳಕ್ಕೆ ಸಾಗಿ ನಡುವನ್ನು ಮುಟ್ಟಿದಾಗ ಅದು ಮುಗಿಯುತ್ತದೆ. ಮೂಲೆಗಳಲ್ಲಿ ಬಟ್ಟೆಯನ್ನು ಮಡಿಸಿ ಫುಲಾ ಎಂಬ ಹೂವನ್ನಿಡಬೇಕು. ಅದಿಲ್ಲದ ಕವಂದಿಯು ಬತ್ತಲೆಯೆಂದು ಅವರ ಭಾವನೆ. ಆ ಹೂವಿನಿಂದ ಬೆಚ್ಚಗಾಗುವುದಿಲ್ಲ, ಬಾಳಿಕೆಯೂ ಹೆಚ್ಚುವುದಿಲ್ಲ. ಚಿಂದಿಯೇ ಆದರೂ ಮಾಡಿದ ವಸ್ತುವಿಗೆ ಒಂದು ಮರ್ಯಾದೆ ಸಲ್ಲಬೇಕೆಂಬ ತಿಳಿವಳಿಕೆಯು ಅದರಲ್ಲಿದೆ. ಇದನ್ನು ಪುಸ್ತಕದಿಂದ ಕಲಿಯಬೇಕಾದರೆ ಎಷ್ಟು ಪುಟಗಳಾಗುತ್ತಿದ್ದುವೊ!

ತಾಯಿಯ ಸೀರೆಯ ಜಗಳದಲ್ಲಿ ತೀರ್ಪು ಕೊಡುವುದಾದರೆ, ಕತ್ತರಿಸುವ ಹಕ್ಕು ಹೆಚ್ಚಾಗಿ ಸಲ್ಲುವುದು ಸೂಜಿ ಹಿಡಿದು ಕೂಡಲು ಸಿದ್ಧಳಾದವಳಿಗೆ ಎನ್ನಬೇಕು. ಕತ್ತರಿಯ ಕೆಲಸವು ಗಳಿಗೆಯದು, ಹೊಲಿಗೆಯದು ತಿಂಗಳುಗಟ್ಟಲೆಯದು. ತಿಂಗಳ ಶ್ರಮಕ್ಕೆ ಒಪ್ಪದೆ ಗಳಿಗೆಯ ಹಕ್ಕನ್ನು ಮಾತ್ರ ಕೇಳುವವರು ಎಲ್ಲ ಕಾಲದಲ್ಲಿಯೂ ಇರುವರು. ಆದರೂ ಮಾತನಾಡದೆ ಕುಳಿತ ಮೂರನೆಯವಳನ್ನು ಕೇಳದೆ ಕತ್ತರಿಯನ್ನೆತ್ತುವುದು ತಪ್ಪು.

ಕತ್ತರಿಸುವುದರಿಂದ ವಸ್ತುವಿನ ಬೆಲೆಯು ಇಳಿಯುತ್ತದೆಂಬುದನ್ನು ಲೋಕವು ನಷ್ಟವೆಂದು ಎಣಿಸಿದರೆ, ಅದನ್ನೇ ಲಾಭವೆಂದು ಎಣಿಸಿದ ಸಂಪ್ರದಾಯವೂ ಈ ದೇಶದಲ್ಲಿ ಇದ್ದಿತು. ಬುದ್ಧನು ಮಗಧದ ಗದ್ದೆಗಳನ್ನು ನೋಡಿ, ಅವು ಬದುಗಳಿಂದ ಚೌಕಚೌಕವಾಗಿ ಕೂಡಿಕೊಂಡಿರುವಂತೆ ಭಿಕ್ಷುಗಳ ಚೀವರವನ್ನು ಹೊಲಿಯಬಹುದೆ ಎಂದು ಆನಂದನನ್ನು ಕೇಳಿದನೆಂದು ವಿನಯಪಿಟಕದ ಮಹಾವಗ್ಗದಲ್ಲಿ ಹೇಳಿದೆ. ಆನಂದನು ಹಾಗೆಯೇ ಮಾಡಿಸಿದನು. ಧೂಳಿನಲ್ಲಿ ಬಿದ್ದ ಚಿಂದಿಯನ್ನು ಆಯ್ದು ತೊಡುವವರಿಗೆ ಹೊಲಿಗೆಯು ಅನಿವಾರ್ಯವೇ ಸರಿ. ಆದರೆ ಗೃಹಸ್ಥರು ಕೊಟ್ಟ ಹೊಸ ಬಟ್ಟೆಯನ್ನೂ ತುಂಡರಿಸಿಯೇ ಹೊಲಿಯಬೇಕೆಂದು ನಿಯಮವಾಯಿತು. ತುಂಡರಿಸಿದ ಬಟ್ಟೆಯನ್ನು ವೈರಿಗಳೂ ಬಯಸರು. ಉಟ್ಟವನಿಗೂ ಅದರಿಂದ ಗರ್ವವಿಲ್ಲ. ಇಲ್ಲಿ ಕತ್ತರಿಯು ಮಮತ್ವವನ್ನೇ ಕಡಿಯುವ ಸಾಧನವಾಗಿದೆ. ತಾಯಿಯ ಸೀರೆಯನ್ನು ಕತ್ತರಿಸುವವಳು ಮಮತ್ವವನ್ನು ಹೊಲಿದಿಟ್ಟುಕೊಳ್ಳಲು ಕತ್ತರಿಸುತ್ತಾಳೆ. ಕಾರ್ಯವು ಒಂದೇ, ಸಂಕಲ್ಪಗಳು ವಿರುದ್ಧ. ಇದರಿಂದ ಕತ್ತರಿಯಲ್ಲಿಯೇ ಪಾಪವಿದೆಯೆಂಬ ವಾದವು ಸಡಿಲವಾಗುತ್ತದೆ.

ಸಡಿಲವಾಗುತ್ತದೆಯೇ ಹೊರತು ಕಳಚಿಬೀಳುವುದಿಲ್ಲ. ಇಂಗ್ಲೆಂಡಿನ ಜಾನ್ ರಸ್ಕಿನ್ನನನ್ನು ನೆನೆಯಬೇಕು. ಈತನ ಗ್ರಂಥವೊಂದನ್ನು 1904ರಲ್ಲಿ ಓದಿ ಗಾಂಧೀಜಿಯವರು ತಮ್ಮ ಜೀವನಕ್ರಮವನ್ನೇ ಬದಲಿಸಿಕೊಂಡರು. 1908ರಲ್ಲಿ ಅದರ ಸಾರವನ್ನು ಸರ್ವೋದಯವೆಂಬ ಹೆಸರಿನಿಂದ ಗುಜರಾತಿಗೆ ತಂದರು. ಕೈಕೆಲಸದ ಘನತೆಯನ್ನು ಅಷ್ಟಾಗಿ ಎತ್ತಿಹಿಡಿದ ಇಂಥ ರಸ್ಕಿನ್ನನು ತಾನು ಕೊಂಡ ಮಧ್ಯಯುಗದ ಚಿತ್ರಿತ ಹಸ್ತಪ್ರತಿಗಳನ್ನು ಕತ್ತರಿಸಿ, ಹಾಳೆಗಳನ್ನು ಗೆಳೆಯರಿಗೂ ವಿದ್ಯಾಸಂಸ್ಥೆಗಳಿಗೂ ಹಂಚಿದನು. ಹಂಚಿದುದು ಒಳ್ಳೆಯ ಉದ್ದೇಶದಿಂದಲೇ. ಆದರೆ ಆ ಗ್ರಂಥಗಳು ಒಂದೊಂದೇ ಪ್ರತಿಯವು. ನೂರಾರು ವರ್ಷ ಇಡಿಯಾಗಿದ್ದುವು. ಓದಲು ಇನ್ನೂ ಯೋಗ್ಯವಾಗಿದ್ದುವು. ಇದಕ್ಕೆ ಮುಂಚೆ, 1769ರಲ್ಲಿ ಗ್ರೇಂಜರ್ ಎಂಬ ಪಾದ್ರಿಯು ಪ್ರಕಟಿಸಿದ ಚರಿತ್ರಗ್ರಂಥಕ್ಕೆ ಸರಿಹೊಂದುವ ಭಾವಚಿತ್ರಗಳನ್ನು ಬೇರೆ ಗ್ರಂಥಗಳಿಂದ ಕತ್ತರಿಸಿ ಸೇರಿಸಿಕೊಳ್ಳುವ ಹುಚ್ಚು ಆ ದೇಶದ ಶ್ರೀಮಂತರಿಗೆ ಹತ್ತಿತ್ತು. ಒಂದು ಪುಸ್ತಕವು ದಪ್ಪವಾಗಲು ಹತ್ತು ಪುಸ್ತಕಗಳು ಬಡವಾದುವು.

ಇದರೊಡನೆ ನಮ್ಮ ಮನೆಗಳ ಒಂದು ಹಳೆಯ ಪದ್ಧತಿಯನ್ನು ಹೋಲಿಸಬಹುದು. ರಾಜಾ ರವಿವರ್ಮನು 1894ರಲ್ಲಿ ಮುಂಬಯಿಯಲ್ಲಿ ಸ್ಥಾಪಿಸಿದ ಅಚ್ಚುಕೂಟದಿಂದ ಲಕ್ಷ್ಮೀ ಸರಸ್ವತಿಯರ ಪಟಗಳು ಮನೆಮನೆಗೂ ಬಂದುವು. ಕೆಲವು ಮನೆಗಳ ಹೆಂಗಸರು ಆ ಪಟದ ದೇವಿಗೆ ನಿಜವಾದ ಬಟ್ಟೆಯ ಸೀರೆಯನ್ನುಡಿಸಿ, ಜರಿಯ ಅಂಚನ್ನು ಕೊಟ್ಟು, ಮುತ್ತು ಚಮಕಿಗಳನ್ನು ಅಂಟಿಸಿ, ಮುಖ ಕೈಕಾಲುಗಳಷ್ಟು ಮಾತ್ರ ಚಿತ್ರಕಾರನದಾಗಿ ಕಾಣುವಂತೆ ಗಾಜಿನೊಳಗೆ ಕೂಡಿಸುತ್ತಿದ್ದರು. ಚಿತ್ರಕಾರನು ಮನಸ್ಸಿಟ್ಟು ಬರೆದ ಸೀರೆಯ ನೆರಿಗೆಗಳು ಮುಚ್ಚಿಹೋದುವು. ಆದರೂ ಇದನ್ನು ರಸ್ಕಿನ್ನನ ಕತ್ತರಿಯ ಸಾಲಿನಲ್ಲಿ ನಿಲ್ಲಿಸಲಾಗದು. ಅಚ್ಚಿನ ಪಟವು ಸಾವಿರಾರು ಪ್ರತಿಗಳಲ್ಲಿ ಒಂದು. ಹೋದದ್ದು ಒಂದು ಪ್ರತಿ ಮಾತ್ರ, ಕೃತಿಯಲ್ಲ. ಬಂದದ್ದು ಲೋಕದಲ್ಲಿ ಒಂದೇ ಒಂದು. ಕ್ಯಾಲೆಂಡರಿನ ಚಿತ್ರವನ್ನು ಕತ್ತರಿಸುವ ಮಗುವಿಗೆ ಹಿರಿಯರು ಕೊಡಬೇಕಾದ ಅಪ್ಪಣೆಯೂ ಈ ಭೇದದಿಂದಲೇ ಹೊರಡುತ್ತದೆ. ಕಪಾಟಿನಲ್ಲಿರುವ ಅಜ್ಜನ ಕೈಬರಹದ ಪುಸ್ತಕಕ್ಕೆ ಕೊಡಬಾರದ ಅಪ್ಪಣೆಯೂ ಹೌದು.

ಇನ್ನು ಸುಳ್ಳಿನ ವಿಷಯ. ಬೇರೆಬೇರೆ ಕಡೆಯ ತುಂಡುಗಳನ್ನು ಒಂದೆಡೆ ಕೂಡಿಸಿದರೆ, ಎಂದೂ ನಡೆಯದುದು ನಡೆದಂತೆ ತೋರುತ್ತದೆ. ಜರ್ಮನಿಯ ಜಾನ್ ಹಾರ್ಟ್‌ಫೀಲ್ಡನು 1932ರಲ್ಲಿ ಒಂದು ವಾರಪತ್ರಿಕೆಗಾಗಿ ಛಾಯಾಚಿತ್ರಗಳನ್ನು ಕತ್ತರಿಸಿ ಕೂಡಿಸಿದ ಚಿತ್ರದಲ್ಲಿ, ವಂದನೆಗೆಂದು ಹಿಟ್ಲರನು ಹಿಂದಕ್ಕೆ ಮಡಿಸಿ ಎತ್ತಿದ ಅಂಗೈಯಲ್ಲಿ, ಬೆನ್ನ ಹಿಂದೆ ನಿಂತ ಬೃಹತ್ಕಾಯದ ಧನಿಕನು ಹಣವನ್ನಿಡುತ್ತಾನೆ. ಹಾಗೆ ಯಾರೂ ಎಲ್ಲಿಯೂ ನಿಂತಿರಲಿಲ್ಲ. ಆದರೂ ಅದನ್ನು ಸುಳ್ಳೆನ್ನಲು ಬಾಯಿ ಬರುವುದಿಲ್ಲ. ಏಕೆಂದರೆ ಒಬ್ಬನು ಇನ್ನೊಬ್ಬನ ಮುಂದೆ ತೀರ ಕುಳ್ಳಾಗಿರುವುದರಿಂದ, ಇದು ಜೋಡಿಸಿದ್ದೆಂದು ಚಿತ್ರವೇ ಸಾರುತ್ತಿದೆ. ಸೋವಿಯೆತ್ ದೇಶದಲ್ಲಿ ಇದರ ವಿರುದ್ಧವಾದ ಕೆಲಸವು ನಡೆಯಿತು. ಮಾಸ್ಕೋದ ಕಾಲುವೆಯ ದಂಡೆಯಲ್ಲಿ ಸ್ಟಾಲಿನ್ನನ ಪಕ್ಕದಲ್ಲಿ ನಿಂತಿದ್ದ ಯೆಝೋವನನ್ನು 1940ರಲ್ಲಿ ಕೊಲ್ಲಿಸಿದರು. ಅನಂತರ ಆತನನ್ನು ಛಾಯಾಚಿತ್ರದಿಂದಲೂ ತೆಗೆದು ಅಲ್ಲಿ ನೀರನ್ನು ತುಂಬಿದರು. ಇಲ್ಲಿ ಸೇರಿಸಿದ್ದು ಏನೂ ಇಲ್ಲವೆಂಬಂತೆ ಕಾಣುತ್ತದೆ, ಬೆಸುಗೆಯೇ ತೋರದು. ಸುಳ್ಳು ಇರುವುದು ಆ ತೋರದಿರುವುದರಲ್ಲಿ. ಈ ದಿನಗಳಲ್ಲಿ ಕಂಪ್ಯೂಟರುಗಳೂ ಕೈಯಲ್ಲಿ ಹಿಡಿಯುವ ಫೋನುಗಳೂ ಇಂಥ ಬೆಸುಗೆಯನ್ನು ಕ್ಷಣಾರ್ಧದಲ್ಲಿ ಮಾಡಿಕೊಡುತ್ತಿರುವಾಗ, ಅಂಚು ಎದ್ದುಕಾಣುವ, ಗಂಜಿಯ ಕಲೆ ಉಳಿದ ಮನೆಯ ಅಂಟುಚಿತ್ರವು ಅವುಗಳಿಗಿಂತ ಪ್ರಾಮಾಣಿಕವಾದುದೆಂದು ಹೇಳಿದರೆ ಅತಿಶಯೋಕ್ತಿಯಾಗಲಾರದು.

ಇವೆರಡರ ನಡುವೆ ನಿಲ್ಲುವ ಸಂಗತಿಯೊಂದು ಹಳೆಯ ಮನೆಗಳ ಗೋಡೆಯ ಮೇಲೆಯೇ ತೂಗುತ್ತಿದೆ. ಹೆಂಡತಿಯು ತೀರಿಕೊಂಡ ಮೇಲೆ, ದಂಪತಿಗಳು ಒಟ್ಟಿಗೆ ಕುಳಿತ ಪಟವಿಲ್ಲವೆಂದು ಕೊರಗಿದವರಿಗೆ ಊರಿನ ಸ್ಟುಡಿಯೋದವನು ಎರಡು ಬೇರೆ ಪಟಗಳಿಂದ ಇಬ್ಬರನ್ನೂ ಕತ್ತರಿಸಿ, ಒಂದೇ ಬೆಂಚಿನ ಮೇಲೆ ಕೂಡಿಸಿ, ಸಂದುಗಳನ್ನು ಕುಂಚದಿಂದ ತೀಡಿ ಕೊಡುತ್ತಿದ್ದನು. ಇಪ್ಪತ್ತರ ಹೆಂಡತಿಯ ಪಕ್ಕದಲ್ಲಿ ಅರುವತ್ತರ ಗಂಡನು. ಅದು ಸುಳ್ಳೆ? ಮಾಡಿಸಿದವನಿಗೆ ಅದರ ಸಂದು ಗೊತ್ತು. ದಿನವೂ ಹೂ ಮುಡಿಸುವಾಗ ಅವನ ಕಣ್ಣು ಆ ಸಂದನ್ನು ಮುಟ್ಟದೆ ಹೋಗುವುದಿಲ್ಲ. ಅವನ ಪಾಲಿಗೆ ಅದು ಹಂಬಲವೇ ಹೊರತು ವಂಚನೆಯಲ್ಲ. ಆದರೆ ಮರಿಮಕ್ಕಳಿಗೆ ಸಂದು ತಿಳಿಯದು. ಅವರು, ಮುತ್ತಜ್ಜನು ಮುದುಕನಾಗಿಯೇ ಎಳೆಯ ಹುಡುಗಿಯನ್ನು ಮದುವೆಯಾದನೆಂದು ತಿಳಿದು ಅವನನ್ನು ಹಳಿಯಬಹುದು. ಒಂದು ತಲೆಮಾರಿನ ಪ್ರೀತಿಯು ಮೂರನೆಯ ತಲೆಮಾರಿಗೆ ಅಪವಾದವಾಗುವುದು ಹೀಗೆ. ಪಟದ ಹಿಂಬದಿಯಲ್ಲಿ ಎರಡು ಸಾಲು ಬರೆದಿಡಲು ಎಷ್ಟು ಹೊತ್ತು ಬೇಕು? ಹಾಗೆ ಬರೆದವರು ಬಹಳ ಅಪೂರ್ವ.

ಅಂಟಿನ ವಿಷಯವಾಗಿ ಹೆಚ್ಚು ಹೇಳಬೇಕಾದುದಿಲ್ಲ. ಮೈದಾಹಿಟ್ಟಿನ ಗಂಜಿಗೆ ಚಿಟಿಕೆಯಷ್ಟು ಮೈಲುತುತ್ತವನ್ನು ಬೆರಸಿದರೆ ಹುಳು ಹತ್ತುವುದಿಲ್ಲವೆಂಬುದು ಪುಸ್ತಕ ಕಟ್ಟುವವರ ಹಳೆಯ ಅನುಭವ. ಅದು ವಿಷವಾದ್ದರಿಂದ ಚಿಕ್ಕ ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಬೇಕು. ವೃತ್ತಪತ್ರಿಕೆಯ ಕಾಗದವು ಮರದ ತಿರುಳಿನದಾದ್ದರಿಂದ ಬಿಸಿಲಿಗೆ ಬೇಗನೆ ಹಳದಿಯಾಗಿ ಪುಡಿಯಾಗುತ್ತದೆ. ಬಾಳಬೇಕಾದ ಚಿತ್ರಕ್ಕೆ ಅದು ಸಲ್ಲದು. ಎಲ್ಲವೂ ಬಾಳಬೇಕೆಂದೇನೂ ಇಲ್ಲ. ಮಗುವಿನ ರಟ್ಟಿನ ಮೇಲಿನ ಅರಳಿಯೆಲೆಯು ಮುಂದಿನ ಮಳೆಗಾಲಕ್ಕೆ ಬೂಸಲು ಹಿಡಿದರೆ ಬೇರೊಂದು ಎಲೆಯನ್ನು ಅಂಟಿಸಬಹುದು. ಕೌದಿಯಲ್ಲಿಯೂ ಹಾಗೆಯೇ, ಮೊದಲು ಸವೆಯುವುದು ಅಂಚು, ಆಮೇಲೆ ಕೈಯೂ ಕಾಲೂ ಹೆಚ್ಚಾಗಿ ತಾಗುವ ನಡುಭಾಗ. ಸವೆದಲ್ಲಿ ಹೊಸ ತುಂಡು ಬೀಳುತ್ತದೆ, ಆ ತುಂಡು ಯಾರ ಹಳೆಯ ಬಟ್ಟೆಯದೆಂದು ಮನೆಯಲ್ಲಿ ಮತ್ತೊಮ್ಮೆ ಮಾತು ನಡೆಯುತ್ತದೆ. ತೀರ ಸವೆದುಹೋದ ಕೌದಿಯನ್ನು ಹೊಸ ಕೌದಿಯ ಒಳಪದರವಾಗಿ ಇಟ್ಟು ಹೊಲಿಯುವವರೂ ಇದ್ದಾರೆ.